ಬೂಷ್ಟು ಹೋದ ಮೇಲೆ ಪ್ರೆಸ್ಸಿಂಗಿನ ಮಾತು: ನನ್ನ ಅನುಭವ

ಕೊಡಗಿನ ಮನೆಗಳ ಅಟ್ಟದಿಂದಲೋ ಎಸ್ಟೇಟ್ ಬಂಗಲೆಯ ಬೀರುವಿನಿಂದಲೋ ಇಳಿದ ಎಲ್‌ಪಿಯನ್ನು, ಅಂದರೆ ಗ್ರಾಮಫೋನ್ ತಟ್ಟೆಯನ್ನು, ತಂದ ದಿನವೇ ಪ್ಲೇಯರಿಗೆ ಹಾಕಿ ‘ಈ ಪ್ರೆಸ್ಸಿಂಗ್ (ಕಾರ್ಖಾನೆಯಲ್ಲಿ ತಟ್ಟೆ ಒತ್ತಿದ್ದು) ಸರಿಯಿಲ್ಲ’ ಎಂದು ತೀರ್ಮಾನಿಸಬೇಡಿ. ಆ ಚಟಪಟ ಬಹುಪಾಲು ಬೂಷ್ಟಿನದು. ತಟ್ಟೆಯ ಪ್ಲಾಸ್ಟಿಕ್, ಅಂದರೆ ವಿನೈಲ್, ಬೂಷ್ಟಿಗೆ ಆಹಾರವಲ್ಲ. ಗ್ರೂವಿನಲ್ಲಿ (ಧ್ವನಿ ಕೊರೆದ ಗೀರಿನಲ್ಲಿ) ಕೂತ ಧೂಳು, ಬೆರಳಿನ ಜಿಡ್ಡು, ತಟ್ಟೆ ತೂರಿಸಿಡುವ ಒಳಗವರಿನ ಕಾಗದದ ಪುಡಿ ಇವೇ ಅದರ ಊಟ. ಅಡುಗೆಮನೆಯ ಮೇಲಿನ ಅಟ್ಟದಲ್ಲಿ ಇದ್ದ ತಟ್ಟೆಯಾದರೆ ಹೊಗೆಯ ಜಿಡ್ಡೂ ಸೇರಿರುತ್ತದೆ. ಪ್ರೆಸ್ಸಿಂಗಿನ ಯೋಗ್ಯತೆ ಕೇಳಿಸುವುದು ಇದೆಲ್ಲ ತೊಳೆದ ನಂತರ.

ಮೊದಲ ಕೆಲಸ ಮನೆಯ ಹೊರಗೆ, ಮಾಸ್ಕ್ ಕಟ್ಟಿಕೊಂಡು. ಒಣ ಮೆತ್ತನೆ ಬ್ರಷ್‌ನಿಂದ ಮೇಲಿನ ಬಿಳಿ ಬೂಷ್ಟನ್ನು ಉದುರಿಸುತ್ತೇನೆ. ಹಳೆಯ ಕಾಗದದ ಒಳಗವರನ್ನು, ಎಷ್ಟೇ ಚಂದ ಇದ್ದರೂ, ಎಸೆಯುತ್ತೇನೆ. ತೊಳೆದ ತಟ್ಟೆಯನ್ನು ಅದರೊಳಗೆ ಮತ್ತೆ ತೂರಿಸಿದರೆ ಮಾಡಿದ ಕೆಲಸ ಎರಡೇ ಮಳೆಗಾಲಕ್ಕೆ ಹಾಳು. ತೊಳೆಯುವ ದ್ರವವನ್ನು ನಾನೇ ಬೆರೆಸಿಕೊಳ್ಳುತ್ತೇನೆ: ಡಿಸ್ಟಿಲ್ಡ್ ವಾಟರ್ 800 ಮಿ.ಲೀ., ಶೇ 99ರ ಐಸೊಪ್ರೊಪೈಲ್ ಆಲ್ಕೊಹಾಲ್ 200 ಮಿ.ಲೀ., ಫಿಲ್ಮ್ ತೊಳೆಯಲು ಫೋಟೊ ಲ್ಯಾಬಿನವರು ಬಳಸುವ ವೆಟ್ಟಿಂಗ್ ಏಜೆಂಟ್ 4-5 ಹನಿ. ಹನಿ ಜಾಸ್ತಿಯಾದರೆ ಗ್ರೂವಿನಲ್ಲಿ ಅಂಟು ಉಳಿದು, ಒಂದು ಬದಿ ನುಡಿಸಿ ಮುಗಿಸುವಷ್ಟರಲ್ಲಿ ಪ್ಲೇಯರಿನ ಮುಳ್ಳಿನ (ಸೂಜಿಯ) ತುದಿಗೆ ಬಿಳಿ ಉಂಡೆ ಕಟ್ಟುತ್ತದೆ. ಪೆಟ್ರೋಲ್ ಬಂಕಿನ ಬ್ಯಾಟರಿ ನೀರನ್ನು ಟಿಡಿಎಸ್ ಮೀಟರಿನಲ್ಲಿ (ನೀರಿನಲ್ಲಿ ಕರಗಿದ ಲವಣ ಅಳೆಯುವ ಮೀಟರು) ನೋಡದೆ ಬಳಸುವುದಿಲ್ಲ. 2 ಪಿಪಿಎಂಗಿಂತ ಮೇಲೆ ತೋರಿಸಿದರೆ ಬೇಡ. ಒಲೆಯ ಹತ್ತಿರ ಈ ದ್ರವ ಬೆರೆಸಬೇಡಿ, ಹೊತ್ತಿಕೊಳ್ಳುತ್ತದೆ.

ದ್ರವವನ್ನು ತಟ್ಟೆಯ ಮೇಲೆ ಹರಡಿ ಬೂಷ್ಟು ಇದ್ದ ಕಡೆ ಐದು ನಿಮಿಷ ನೆನೆಯಲು ಬಿಡಿ. ಲೇಬಲ್ ಒದ್ದೆಯಾಗಬಾರದು. ನೈಲಾನ್ ಬ್ರಷ್ಷನ್ನು ಗ್ರೂವಿನ ದಿಕ್ಕಿನಲ್ಲೇ, ಎರಡೂ ಕಡೆಗೆ ಹತ್ತು ಹತ್ತು ಸುತ್ತು ಆಡಿಸಿ, ಒದ್ದೆ ಇರುವಾಗಲೇ ತಟ್ಟೆ ತೊಳೆಯುವ ವ್ಯಾಕ್ಯೂಮ್ ಯಂತ್ರದಿಂದ ಹೀರಬೇಕು. ಬಯಲುಸೀಮೆಯವರು ತಟ್ಟೆಯನ್ನು ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಗಾಳಿಗೆ ಒಣಗಿಸುತ್ತಾರೆ. ಕಕ್ಕಡದಲ್ಲಿ (ಕೊಡವರ ಜಡಿಮಳೆಯ ತಿಂಗಳು) ನಮ್ಮಲ್ಲಿ ಬಟ್ಟೆಯೇ ಒಣಗುವುದಿಲ್ಲ, ಗ್ರೂವಿನ ನೀರು ಎಲ್ಲಿ ಒಣಗೀತು? ಕರಗಿದ ಕೊಳೆ ನಿಧಾನವಾಗಿ ತಳಕ್ಕಿಳಿದು ಅಲ್ಲೇ ಗಟ್ಟಿಯಾಗುತ್ತದೆ. ಹೀರಿದ ಮೇಲೆ ಬರೀ ಡಿಸ್ಟಿಲ್ಡ್ ನೀರಿನಲ್ಲಿ ಇನ್ನೊಮ್ಮೆ ತೊಳೆದು, ಮತ್ತೆ ಹೀರುತ್ತೇನೆ. ಎರಡು ಸುತ್ತು ಹೀರಿದರೆ ಸಾಕು. ನಾಲ್ಕೈದು ಸುತ್ತು ಹೀರಿದರೆ ಸ್ಟ್ಯಾಟಿಕ್ ವಿದ್ಯುತ್ ಏರಿ ಕೋಣೆಯ ಧೂಳೆಲ್ಲ ತಟ್ಟೆಗೆ ಬರುತ್ತದೆ. ಒಂದು ಎಚ್ಚರಿಕೆ: 78 ಆರ್‌ಪಿಎಂ ತಟ್ಟೆಗಳು ಅರಗಿನವು. ಆಲ್ಕೊಹಾಲ್ ತಾಗಿದರೆ ಮೇಲ್ಮೈಯೇ ಕರಗುತ್ತದೆ. ಪಿ. ಕಾಳಿಂಗರಾಯರ ಹಳೆಯ 78 ಸಿಕ್ಕರೆ ನೀರು, ಒಂದು ಹನಿ ಸೌಮ್ಯ ಸೋಪು, ತಕ್ಷಣ ಒರೆಸುವುದು, ಅಷ್ಟೇ.

ತೊಳೆದ ಮೇಲೂ ಒಂದು ಜಾತಿಯ ಕೀಸಲು ದನಿ ಉಳಿಯಬಹುದು: ಗಾಯಕರು ತಾರಸ್ಥಾಯಿಗೆ ಏರಿದಾಗ, ಅದರಲ್ಲೂ ಬದಿಯ ಕೊನೆಯಲ್ಲಿ, ಸ್ವರ ಹರಿದ ಹಾಗೆ. ಅದು ಸವಕಲು. ಹಳೆಯ ಪ್ಲೇಯರುಗಳಲ್ಲಿ ಮುಳ್ಳು ಹಿಡಿದಿದ್ದ ಸೆರಾಮಿಕ್ ಕಾರ್ಟ್ರಿಜ್‌ಗಳು 5 ಗ್ರಾಂಗೂ ಹೆಚ್ಚು ಭಾರ ಹಾಕಿ ಗ್ರೂವಿನ ಗೋಡೆಯನ್ನು ಉಜ್ಜಿದ್ದರ ಫಲ. ತೊಳೆದರೆ ಹೋಗದು. ಮೈಕ್ರೊಲೈನ್ ಅಥವಾ ಶಿಬಾಟಾ ಎಂಬ ತೆಳು ಅಂಚಿನ ಮುಳ್ಳು ಹಾಕಿದರೆ ಹಳೆಯ ಗೋಲ ಮುಳ್ಳು ಮುಟ್ಟದ ಭಾಗ ಕೆಲವೊಮ್ಮೆ ಸಿಗುತ್ತದೆ, ಅರ್ಧದಷ್ಟು ತಟ್ಟೆಗಳು ಹಾಗೆ ಬದುಕಿವೆ. ಕೊಳ್ಳುವ ಮುಂಚೆ ಲೇಬಲಿನ ರಂಧ್ರದ ಸುತ್ತ ನೋಡಿ: ಸ್ಪಿಂಡಲ್ (ಪ್ಲೇಯರಿನ ನಡುಗೂಟ) ಹುಡುಕಿ ತಡಕಾಡಿದ ಬೂದು ಗೆರೆಗಳು ಜೇಡರ ಬಲೆಯಂತಿದ್ದರೆ ಆ ತಟ್ಟೆ ಬಹಳ ಓಡಿದೆ. ಹೊಳಪು ನೋಡಿ ಮೋಸ ಹೋಗಬೇಡಿ, ಎಣ್ಣೆ ಒರೆಸಿ ಹೊಳಪು ತರುವವರಿದ್ದಾರೆ.

ಈಗ ಪ್ರೆಸ್ಸಿಂಗ್. ತಟ್ಟೆಯನ್ನು ಕತ್ತಲಲ್ಲಿ ಹಿಡಿದು ಟಾರ್ಚನ್ನು ಓರೆಯಾಗಿ ಬಿಡಿ. ಕೊನೆಯ ಹಾಡಿಗೂ ಲೇಬಲಿಗೂ ನಡುವಿನ ಖಾಲಿ ಅಂಚಿನಲ್ಲಿ ಅಕ್ಷರಗಳು ಏಳುತ್ತವೆ. ಲೇಬಲ್ ಅಚ್ಚಾಗುವುದು ಕಾಗದದ ಮೇಲೆ, ಯಾವಾಗ ಬೇಕಾದರೂ. ಈ ಬರಹ ಮಾತ್ರ ಲ್ಯಾಕರ್ (ಟೇಪಿನಿಂದ ಗ್ರೂವನ್ನು ಮೊದಲು ಕತ್ತರಿಸುವ ತಟ್ಟೆ) ಮತ್ತು ಅದರಿಂದ ತೆಗೆದ ಲೋಹದ ಅಚ್ಚುಗಳಿಂದಲೇ ಬಂದದ್ದು. ಹಾಗೆ ಕತ್ತರಿಸಿದ್ದೇ ‘ಕಟ್’. ಬರಹದಲ್ಲಿನ ಮ್ಯಾಟ್ರಿಕ್ಸ್ ಸಂಖ್ಯೆಯ (ಆ ಬದಿಯ ಗುರುತು ಸಂಖ್ಯೆ) ಕೊನೆಗೆ -1 ಇದ್ದರೆ ಮೊದಲ ಕಟ್, -2 ಇದ್ದರೆ ಮತ್ತೆ ಕತ್ತರಿಸಿದ್ದು. ಇಂಗ್ಲೆಂಡಿನ ಇಎಂಐ ಕಂಪನಿಯ ತಟ್ಟೆಗಳಲ್ಲಿ ಈ ಸಂಖ್ಯೆಯನ್ನು ಗಡಿಯಾರದ 6ರ ಜಾಗದಲ್ಲಿ ಹಿಡಿದರೆ, 9ರ ಜಾಗದಲ್ಲಿ ಮದರ್ (ಸ್ಟ್ಯಾಂಪರನ್ನು ತೆಗೆಯುವ ಲೋಹದ ತಟ್ಟೆ) ಸಂಖ್ಯೆ, 3ರ ಜಾಗದಲ್ಲಿ ಸ್ಟ್ಯಾಂಪರಿನ (ವಿನೈಲನ್ನು ಒತ್ತುವ ಅಚ್ಚು) ಅಕ್ಷರ ಇರುತ್ತದೆ. ಆ ಅಕ್ಷರಗಳು ಜಿ, ಆರ್, ಎ, ಎಂ, ಒ, ಪಿ, ಎಚ್, ಎಲ್, ಟಿ, ಡಿ. ಕ್ರಮವಾಗಿ 1ರಿಂದ 9, ಕೊನೆಯದು 0. ‘ಜಿಡಿ’ ಎಂದರೆ 10ನೇ ಸ್ಟ್ಯಾಂಪರ್. ಸ್ಟ್ಯಾಂಪರ್ ಸವೆದಷ್ಟೂ ಮೇಲುಸ್ವರದ ಅಂಚು ಮೊಂಡಾಗುತ್ತದೆ, ಹಾಗಾಗಿ ಸಣ್ಣ ಸಂಖ್ಯೆ ಒಳ್ಳೆಯದು ಎನ್ನುತ್ತಾರೆ. ನನ್ನ ಲೆಕ್ಕದಲ್ಲಿ ಕಟ್ ಯಾವುದು ಎಂಬುದೇ ಮುಖ್ಯ. ಸ್ಟ್ಯಾಂಪರ್ ಸಂಖ್ಯೆಗೆ ದುಪ್ಪಟ್ಟು ಹಣ ಕೊಡುವುದು ಹುಚ್ಚು.

ಕಟ್ ಯಾಕೆ ಮುಖ್ಯ ಎಂಬುದಕ್ಕೆ ಬೀಟಲ್ಸ್‌ನ ‘ರಬ್ಬರ್ ಸೋಲ್’ ಮೊನೊ ಸಾಕ್ಷಿ. ಅದರ ಬ್ರಿಟಿಷ್ ಮೊದಲ ಕಟ್, ಎಕ್ಸ್‌ಇಎಕ್ಸ್ 579-1, ಮುಂದಿನವುಗಳಿಗಿಂತ ಎದ್ದು ಕಾಣುವಷ್ಟು ಜೋರು. ರಾಕ್ ತಂಡ ಲೆಡ್ ಝೆಪೆಲಿನ್‌ನ ‘ಲೆಡ್ ಝೆಪೆಲಿನ್ 2’ರದೂ ಅದೇ ಕಥೆ: 1969ರಲ್ಲಿ ಬಾಬ್ (ರಾಬರ್ಟ್) ಲುಡ್ವಿಗ್ ಕತ್ತರಿಸಿದ ಅಮೆರಿಕದ ತಟ್ಟೆ ಅಗ್ಗದ ಪ್ಲೇಯರುಗಳಲ್ಲಿ ಮುಳ್ಳು ಹಾರಿಸುತ್ತಿತ್ತು, ಕಂಪನಿ ಬೇರೆ ಕಟ್ ಮಾಡಿಸಿತು. ಅವರ ‘ಆರ್‌ಎಲ್’ ಸಹಿ ಇರುವುದು ಅದೇ ಖಾಲಿ ಅಂಚಿನಲ್ಲಿ. ಕೋಲ್ಕತ್ತದ ನಮ್ಮ ಡಂಡಂ ಕಾರ್ಖಾನೆಯಲ್ಲಿ ಒತ್ತಿದ ಪಾಶ್ಚಾತ್ಯ ತಟ್ಟೆಗಳನ್ನೂ ಹಾಗೇ ಓರೆಬೆಳಕಿಗೆ ಹಿಡಿಯಿರಿ. ಬ್ರಿಟಿಷ್ ಮ್ಯಾಟ್ರಿಕ್ಸ್ ಇದ್ದರೆ ಕಟ್ ಅಲ್ಲಿನದೇ, ಮೇಲ್ಮೈ ಸದ್ದು ಮಾತ್ರ ಇಲ್ಲಿನದು.

ಯಾವ ದೇಶದ್ದು ಹುಡುಕಬೇಕು ಎಂದು ಕೇಳುವವರಿಗೆ ನನ್ನ ಉತ್ತರ ಒಂದೇ: ಮೂಲ ಟೇಪು ಎಲ್ಲಿತ್ತೋ ಅಲ್ಲಿನದು. ಹೊರದೇಶಕ್ಕೆ ಹೆಚ್ಚಾಗಿ ಹೋಗುತ್ತಿದ್ದುದು ನಕಲು ಟೇಪು. ಹಾಗಾಗಿ ಭೀಮಸೇನ ಜೋಶಿ, ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ ಇವರ ಎಚ್‌ಎಂವಿ ತಟ್ಟೆಗಳಿಗೆ ಭಾರತದ ಮೊದಲ ಪ್ರೆಸ್ಸಿಂಗೇ ಬೇಕು. ಕ್ಯಾಟಲಾಗ್ ಸಂಖ್ಯೆಯಲ್ಲಿ ಇಎಎಲ್‌ಪಿ, ಇಸಿಎಲ್‌ಪಿ ಎಂದಿದ್ದರೆ ಮೊನೊ, ಇಎಎಸ್‌ಡಿ, ಇಸಿಎಸ್‌ಡಿ ಎಂದಿದ್ದರೆ ಸ್ಟೀರಿಯೊ. ಮೊನೊ ಧ್ವನಿಮುದ್ರಣವನ್ನು ಆಮೇಲೆ ಸ್ಟೀರಿಯೊ ಎಂದು ಹಿಗ್ಗಿಸಿ ಮಾರಿದ ತಟ್ಟೆಗಳನ್ನು ಬಿಟ್ಟುಬಿಡಿ, ಬಾವಿಯೊಳಗಿಂದ ಹಾಡಿದ ಹಾಗೆ ಕೇಳಿಸುತ್ತವೆ. ಮೊನೊ ತಟ್ಟೆ ಹಾಕಿದಾಗ ಆಂಪ್ಲಿಫೈಯರಿನ ಮೊನೊ ಸ್ವಿಚ್ ಒತ್ತಿ. ಮೊನೊ ಧ್ವನಿ ಇರುವುದು ಮುಳ್ಳಿನ ಅಡ್ಡ ಚಲನೆಯಲ್ಲಿ ಮಾತ್ರ. ಮೇಲೆ ಕೆಳಗಿನ ಚಲನೆಯಿಂದ ಬರುವ ಗದ್ದಲ ಆಗ ಒಂದನ್ನೊಂದು ಹೊಡೆದುಹಾಕುತ್ತದೆ. ಬೂಷ್ಟು ತಿಂದ ತಟ್ಟೆಗೆ ಇದಕ್ಕಿಂತ ಅಗ್ಗದ ಔಷಧ ಇಲ್ಲ.

ರಂಧ್ರ ನಡುವಿಗೆ ಇಲ್ಲದ ತಟ್ಟೆಗಳು ಹೊಸದರಲ್ಲೂ ಹಳೆಯದರಲ್ಲೂ ಧಾರಾಳ. ಪರೀಕ್ಷೆ ಸುಲಭ: ಹಿಂದೂಸ್ತಾನಿ ತಟ್ಟೆಯಾದರೆ ಶುರುವಿನ ತಂಬೂರಿಯನ್ನು ಕೇಳಿ, ಕಣ್ಣು ಮುಳ್ಳು ಹಿಡಿದ ಆರ್ಮಿನ ತಲೆಯ ಮೇಲಿರಲಿ. ತಟ್ಟೆ ಒಂದು ಸುತ್ತಿಗೆ 1.8 ಸೆಕೆಂಡ್ ತೆಗೆದುಕೊಳ್ಳುತ್ತದೆ. ಆರ್ಮು ಅದೇ ತಾಳಕ್ಕೆ ಎಡಬಲ ತೂಗಿ, ಷಡ್ಜ ಅದೇ ತಾಳಕ್ಕೆ ಅಲುಗಿದರೆ ದೋಷ ಅಲ್ಲೇ. ಅರ್ಧ ಮಿ.ಮೀ. ತಪ್ಪಿದ್ದರೆ ಹೊರ ಅಂಚಿನಲ್ಲಿ ಶ್ರುತಿ ಶೇ 0.3ರಷ್ಟು ಮೇಲೆ ಕೆಳಗೆ ಆಗುತ್ತದೆ, ಒಳಗೆ ಹೋದಂತೆ ಶೇ 0.8. ಡ್ರಮ್ಮು ತುಂಬಿದ ಹಾಡಿನಲ್ಲಿ ಯಾರಿಗೂ ಗೊತ್ತಾಗದ ಇದು ವಿಲಂಬಿತ ಖಯಾಲಿನಲ್ಲಿ ತಲೆನೋವು. ಹೊಸ ತಟ್ಟೆಯಾದರೆ ವಾಪಸ್ ಕಳಿಸಿ. ಹಳೆಯದರ ರಂಧ್ರವನ್ನು ದುಂಡು ಅರದಿಂದ ಕೂದಲೆಳೆಯಷ್ಟು ಅಗಲಿಸಿ, ಆರ್ಮು ತೂಗದ ಜಾಗಕ್ಕೆ ತಟ್ಟೆಯನ್ನು ತಳ್ಳಿ ನುಡಿಸಬಹುದು. ಅಪರೂಪದ ತಟ್ಟೆಗೆ ಮಾತ್ರ ಕೈ ಹಾಕಿ.

ಮರುಮುದ್ರಣದ ಸ್ಟಿಕ್ಕರುಗಳಲ್ಲಿ ‘180 ಗ್ರಾಂ’ ಎಂಬುದು ತೂಕ, ಧ್ವನಿಯಲ್ಲ. ಓದಬೇಕಾದ್ದು ಮೂರು: ಯಾವ ಟೇಪಿನಿಂದ, ಯಾರು ಕತ್ತರಿಸಿದ್ದು, ಎಲ್ಲಿ ಒತ್ತಿದ್ದು. ಅಮೆರಿಕದ ಜಾಝ್ ಕಂಪನಿ ಬ್ಲೂ ನೋಟ್‌ನವರ ಟೋನ್ ಪೊಯೆಟ್ ಸರಣಿಯಲ್ಲಿ ಮೂರೂ ಗೊತ್ತು: ಮೂಲ ಟೇಪು, ಕೆವಿನ್ ಗ್ರೇ, ಆರ್‌ಟಿಐ ಕಾರ್ಖಾನೆ. ಇಂಥ ವಿವರ ಇಲ್ಲದಿದ್ದರೆ ಡಿಜಿಟಲ್ ಫೈಲಿನಿಂದ ಎಂದೇ ಎಣಿಸಿ, ಆದರೆ ಅಷ್ಟಕ್ಕೇ ತಳ್ಳಿಹಾಕಬೇಡಿ. ಮರುಮುದ್ರಣದ ಕಂಪನಿ ಮೊಬೈಲ್ ಫಿಡೆಲಿಟಿಯ ಹಲವು ದುಬಾರಿ ತಟ್ಟೆಗಳಿಗೆ ನಡುವೆ ಡಿಎಸ್‌ಡಿ ಎಂಬ ಡಿಜಿಟಲ್ ಹಂತ ಇದೆ ಎಂದು ಬಯಲಾದದ್ದು 2022ರಲ್ಲಿ. ಅಲ್ಲಿಯವರೆಗೆ ಅವನ್ನು ಅನಲಾಗ್ ಎಂದು ಹೊಗಳಿದ ಕಿವಿಗಳೇ ಹೆಚ್ಚು. ಒಂದು ಬದಿಯ ಅವಧಿಯನ್ನೂ ನೋಡಿ. 22-23 ನಿಮಿಷ ದಾಟಿದರೆ ಗ್ರೂವು ಒತ್ತೊತ್ತಾಗಿ ಧ್ವನಿಯ ಮಟ್ಟ ಇಳಿಸಲೇಬೇಕು, ಆಗ ಮೇಲ್ಮೈ ಸದ್ದು ಮೇಲೇಳುತ್ತದೆ.

ಎರಡು ಪ್ರೆಸ್ಸಿಂಗ್ ಹೋಲಿಸುವಾಗ ಎರಡನ್ನೂ ತೊಳೆದು, ಅದೇ ಮುಳ್ಳು, ಅದೇ ಭಾರದಲ್ಲಿ ಕಂಪ್ಯೂಟರಿಗೆ 24 ಬಿಟ್, 96 ಕಿಲೊಹರ್ಟ್ಸ್‌ನಲ್ಲಿ ಇಳಿಸಿಕೊಳ್ಳುತ್ತೇನೆ. ಒಂದೊಂದರಿಂದಲೂ ಒಂದು ನಿಮಿಷ ಹೊರ ಅಂಚಿನದು, ಒಂದು ನಿಮಿಷ ಒಳ ಅಂಚಿನದು. ಮಟ್ಟವನ್ನು 0.2 ಡೆಸಿಬೆಲ್ ಒಳಗೆ ಸಮ ಮಾಡಿ, ಹೆಸರು ಮರೆಸಿ ಮನೆಯವರ ಕೈಯಲ್ಲಿ ಹಾಕಿಸುತ್ತೇನೆ. ಈ ಸಮ ಮಾಡುವುದನ್ನು ಬಿಟ್ಟರೆ ಜೋರಾಗಿರುವುದೇ ಪ್ರತಿಸಲ ಗೆಲ್ಲುತ್ತದೆ. ಹೋಲಿಕೆಯನ್ನು ಕರೆಂಟ್ ಹೋದಾಗ ಮಾಡಬೇಡಿ: ಸ್ಕ್ವೇರ್‌ವೇವ್ ಇನ್ವರ್ಟರಿನಲ್ಲಿ ಎಸಿ ಮೋಟಾರಿನ ಟರ್ನ್‌ಟೇಬಲ್ ಗುಂಯ್ ಎನ್ನುತ್ತದೆ, ಆ ಸದ್ದು ಮುಳ್ಳಿಗೂ ಹತ್ತುತ್ತದೆ.

ತಟ್ಟೆಗಳು ನನ್ನಲ್ಲಿ ನೆಟ್ಟಗೆ ನಿಂತಿವೆ, ಪಾಲಿಥೀನ್ ಒಳಗವರಿನಲ್ಲಿ, ಹೊರಗೋಡೆಗೆ ತಾಗದ ಬೀರುವಿನಲ್ಲಿ. ಪಿವಿಸಿ ಕವರು ಬೇಡ, ವರ್ಷಗಳಲ್ಲಿ ತಟ್ಟೆಯ ಮೇಲೆ ಮಂಜು ಕಟ್ಟುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡಿಹ್ಯುಮಿಡಿಫೈಯರ್ ಓಡಿಸಿ ತೇವಾಂಶವನ್ನು ಶೇ 50ರ ಆಸುಪಾಸಿನಲ್ಲಿ ಇಡುತ್ತೇನೆ. ಕ್ಯಾಮೆರಾ ಲೆನ್ಸಿಗೆ ಮಾಡುವ ಹಾಗೆ ಬೀರುವಿನಲ್ಲಿ ಬಲ್ಬ್ ಉರಿಸಿದರೆ ಹತ್ತಿರದ ತಟ್ಟೆ ಬಾಗುತ್ತದೆ. ಹೊರಗಿನಿಂದ ತರಿಸುವುದೆಲ್ಲ ಸೆಪ್ಟೆಂಬರಿನ ಕೊಡವರ ಹಬ್ಬ ಕೈಲ್‌ಪೊಳ್ದ್ ಕಳೆದ ಮೇಲೆ, ಘಾಟಿ ರಸ್ತೆ ಸರಿಯಾದ ಮೇಲೆ. ಮಾರುವವರಿಗೆ ಎರಡು ಮಾತು ಮೊದಲೇ ಹೇಳಿರಬೇಕು: ಖಾಲಿ ಅಂಚಿನ ಫೋಟೊ ಕಳಿಸಿ, ತಟ್ಟೆಯನ್ನು ಜಾಕೆಟಿನ (ರಟ್ಟಿನ ಹೊರಕವರು) ಹೊರಗೆ ಬೇರೆ ಕವರಿನಲ್ಲಿಟ್ಟು ಪ್ಯಾಕ್ ಮಾಡಿ, ಇಲ್ಲದಿದ್ದರೆ ದಾರಿಯಲ್ಲಿ ಕುಲುಕಿ ಜಾಕೆಟಿನ ಅಂಚು ಸೀಳುತ್ತದೆ. ಪಾರ್ಸೆಲ್ ಬಂದ ದಿನ ಬಿಚ್ಚುವುದಿಲ್ಲ. ಒಂದು ರಾತ್ರಿ ಕೋಣೆಯಲ್ಲೇ ಬಿಟ್ಟು, ಬೆಳಿಗ್ಗೆ ತೆಗೆದು, ನೇರ ತೊಳೆಯುವ ಮೇಜಿಗೆ.