ಕ್ಯಾಂಪಿಂಗ್‌ಗೆ ಹೊರಟಿದ್ದೀರಾ? ಪಕ್ಕದ ಸೈಟಿನ ಗಲಾಟೆಗೆ ಏನು ಮಾಡಬೇಕು ಅಂತ ಮೊದಲೇ ತಿಳಿದಿರಲಿ

ಕ್ಯಾಲಿಫೋರ್ನಿಯಾಕ್ಕೆ ಬಂದ ಎರಡನೇ ಬೇಸಿಗೆಯಲ್ಲಿ ನಾವು ಮೊದಲ ಸಲ ಟೆಂಟ್ ಹಾಕಿದೆವು. ಸಮುದ್ರದ ಹತ್ತಿರದ ಒಂದು ಸ್ಟೇಟ್ ಪಾರ್ಕ್. ಮಗಳಿಗೆ ಆಗ ನಾಲ್ಕು ವರ್ಷ. ಪಕ್ಕದ ಸೈಟಿನವರು (ಸೈಟ್ ಅಂದರೆ ಒಂದು ಗುಂಪಿಗೆ ಟೆಂಟ್ ಹಾಕೋಕೆ ಕೊಡುವ ಜಾಗ) ರಾತ್ರಿ ಒಂದೂವರೆವರೆಗೆ ಸ್ಪೀಕರ್ ಹಾಕಿಕೊಂಡು ಕೂತಿದ್ದರು. ಮಗಳು ಮೂರು ಸಲ ಎದ್ದು ಅತ್ತಳು. "ಹೋಗಿ ಹೇಳಿ ಬರ್ಲಾ?" ಅಂದೆ. "ಬೇಡಪ್ಪಾ, ಗೊತ್ತಿಲ್ಲದ ಊರು, ಕುಡಿದಿದ್ದಾರೋ ಏನೋ" ಅಂದಳು ಹೆಂಡತಿ. ಹಾಗೇ ಬೆಳಗಾಯಿತು. ಅಲ್ಲೇ ಉಳಿದು ಕ್ಯಾಂಪ್ ನೋಡಿಕೊಳ್ಳುವ 'ಕ್ಯಾಂಪ್ ಹೋಸ್ಟ್' ಅಜ್ಜನಿಗೆ ವಿಷಯ ಹೇಳಿದಾಗ ಅವರು ನಿಜವಾಗಿಯೂ ಬೇಜಾರು ಮಾಡಿಕೊಂಡರು. ರಾತ್ರಿನೇ ಬಂದು ನನ್ನ ಬಾಗಿಲು ಯಾಕೆ ತಟ್ಟಲಿಲ್ಲ, ನಾನಿಲ್ಲಿ ಇರೋದೇ ಅದಕ್ಕಲ್ವಾ ಅಂತ ಕೇಳಿದರು.

ಈಗ ಬೇ ಏರಿಯಾಗೆ ಹೊಸದಾಗಿ ಬಂದವರು ನಮ್ಮ ಮನೆಯಿಂದ ಟೆಂಟ್ ಎರವಲು ಒಯ್ಯುವಾಗ ಆ ಅಜ್ಜನ ಮಾತನ್ನೇ ಹೇಳಿ ಕಳಿಸುತ್ತೇನೆ. ಸುಮ್ನೆ ಸಹಿಸಿಕೊಂಡು ಕೂರಬೇಡಿ, ಜಗಳಕ್ಕೂ ಇಳಿಯಬೇಡಿ. ಇಲ್ಲಿ ಇದಕ್ಕೆ ನಿಯಮ ಇದೆ, ಕೇಳುವವರೂ ಇದ್ದಾರೆ.

ಮೊದಲು ನಿಯಮ. ಕ್ಯಾಲಿಫೋರ್ನಿಯಾದ ಸ್ಟೇಟ್ ಪಾರ್ಕುಗಳಲ್ಲೂ ಯೊಸೆಮಿಟಿ ನ್ಯಾಷನಲ್ ಪಾರ್ಕಿನಲ್ಲೂ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 'ಕ್ವೈಟ್ ಅವರ್ಸ್', ಅಂದರೆ ಗಲಾಟೆ ಮಾಡಬಾರದ ಹೊತ್ತು. ಹಾಗಂತ ಹಗಲಲ್ಲಿ ಏನು ಮಾಡಿದರೂ ನಡೆಯುತ್ತೆ ಅಂತಲ್ಲ. ಸ್ಟೇಟ್ ಪಾರ್ಕುಗಳಲ್ಲಿ ನಿಮ್ಮ ಹಾಡಿನ ಸದ್ದು ಯಾವ ಹೊತ್ತಿನಲ್ಲೂ ನಿಮ್ಮ ಸೈಟಿನಿಂದ ಆಚೆ ಕೇಳಿಸಬಾರದು. ಜನರೇಟರ್‌ಗೆ ಬೆಳಗ್ಗೆ 10ರಿಂದ ರಾತ್ರಿ 8ರವರೆಗೆ ಮಾತ್ರ ಅವಕಾಶ. ಯೊಸೆಮಿಟಿಯಲ್ಲಿ ಇನ್ನೂ ಬಿಗಿ: ಬೆಳಗ್ಗೆ 7ರಿಂದ 9, ಮಧ್ಯಾಹ್ನ 12ರಿಂದ 2, ಸಂಜೆ 5ರಿಂದ 7, ಅಷ್ಟೇ. ನ್ಯಾಷನಲ್ ಪಾರ್ಕುಗಳ ನಿಯಮದಲ್ಲಿ ಅಳತೆಯೂ ಇದೆ. ಸ್ಪೀಕರ್ ಆಗಲಿ ಮೋಟಾರ್ ಆಗಲಿ, 50 ಅಡಿ ದೂರದಲ್ಲಿ 60 ಡೆಸಿಬೆಲ್ ದಾಟುವಂತಿಲ್ಲ. ಅಂದರೆ ಇಬ್ಬರು ಎದುರುಬದುರು ಕೂತು ಮಾತಾಡುವಷ್ಟು ಸದ್ದು. ಬೇರೆ ಕಡೆ ಹೊತ್ತು ಸ್ವಲ್ಪ ಆಚೀಚೆ ಇರುತ್ತದೆ, ಪಾರ್ಕಿನ ಬಾಗಿಲಲ್ಲಿ ಹಾಕಿರುವ ಬೋರ್ಡ್ ಓದಿಕೊಳ್ಳಿ. ಓದುವಾಗಲೇ ಫೋನಿನಲ್ಲಿ ಅದರ ಫೋಟೋ ತೆಗೆದಿಟ್ಟುಕೊಳ್ಳಿ. ರೇಂಜರ್ (ಪಾರ್ಕಿನ ಅಧಿಕಾರಿ) ಫೋನ್ ನಂಬರ್ ಸಾಮಾನ್ಯವಾಗಿ ಅಲ್ಲೇ ಇರುತ್ತದೆ, ಒಳಗೆ ಹೋದಮೇಲೆ ಸಿಗ್ನಲ್ ಸಿಗದೇ ಇರಬಹುದು.

ಅರ್ಧ ತೊಂದರೆ ಸೈಟ್ ಬುಕ್ ಮಾಡುವಾಗಲೇ ತಪ್ಪುತ್ತದೆ. ಖಾಲಿ ಇದೆ ಅಂತ ಸಿಕ್ಕಿದ್ದನ್ನು ಒತ್ತಿಬಿಡಬೇಡಿ, ಮ್ಯಾಪ್ ದೊಡ್ಡದು ಮಾಡಿ ನೋಡಿ. ಟಾಯ್ಲೆಟ್ ಪಕ್ಕ ಅನುಕೂಲ ಅಂತ ಅನಿಸುತ್ತದೆ, ಮಕ್ಕಳಿದ್ದರಂತೂ ಇನ್ನೂ. ಆದರೆ ಅಲ್ಲಿ ರಾತ್ರಿಯಿಡೀ ಬಾಗಿಲು ಧಡ್ ಅನ್ನುತ್ತಿರುತ್ತದೆ, ಹೋಗಿ ಬರುವವರ ಟಾರ್ಚ್ ಬೆಳಕು ಟೆಂಟ್ ಮೇಲೆ ಹರಿಯುತ್ತಿರುತ್ತದೆ. ಕಸದ ಡಬ್ಬಿಯ ಕಬ್ಬಿಣದ ಮುಚ್ಚಳದ ಸದ್ದು ಕೇಳಿದವರಿಗೇ ಗೊತ್ತು. ನಲ್ಲಿ, ಬಾಗಿಲ ರಸ್ತೆ, ದೊಡ್ಡ ಗುಂಪುಗಳಿಗೆ ಕೊಡುವ ಗ್ರೂಪ್ ಸೈಟ್, ಇವುಗಳಿಂದ ದೂರ ಇರಿ. ಟೆಂಟ್‌ಗಳಿಗೆ ಮಾತ್ರ ಅಂತ ಇರುವ ಜಾಗ ಸಿಕ್ಕಿದರೆ ಆರ್‌ವಿಗಳ (ಒಳಗೇ ಮಲಗುವ ಮನೆಯಂಥ ವಾಹನಗಳ) ಜನರೇಟರ್ ಕಾಟವೇ ಇಲ್ಲ. ಕಾರು ನಿಲ್ಲಿಸಿ ಸಾಮಾನು ಹೊತ್ತು ನಡೆಯಬೇಕಾದ ವಾಕ್-ಇನ್ ಸೈಟುಗಳು ನನಗೆ ಎಲ್ಲಕ್ಕಿಂತ ಇಷ್ಟ. ಐಸ್ ಬಾಕ್ಸ್ ಹೊರುವ ಕಷ್ಟಕ್ಕೆ ಹೆದರಿ ಪಾರ್ಟಿ ಮಾಡುವವರು ಆ ಕಡೆ ಬರುವುದು ಕಡಿಮೆ.

ಕೆರೆ ದಂಡೆಯ ಸೈಟ್ ನೋಡೋಕೆ ಚೆಂದ. ಆದರೆ ರಾತ್ರಿ ನೆಲದ ಹತ್ತಿರದ ಗಾಳಿ ತಣ್ಣಗಾಗಿ, ಮೇಲಿನ ಗಾಳಿ ಬೆಚ್ಚಗಿದ್ದರೆ ಸದ್ದು ಮೇಲೆ ಹೋಗದೆ ಕೆಳಕ್ಕೇ ಬಾಗುತ್ತದೆ. ನೀರಿನ ಮೇಲಂತೂ ತಡೆಯೋಕೆ ಒಂದು ಮರವೂ ಇಲ್ಲ. ಆಚೆ ದಡದವರ ನಗು ನಿಮ್ಮ ದಿಂಬಿನ ಪಕ್ಕದಲ್ಲೇ ಕೇಳಿಸುತ್ತದೆ.

ಮೆಮೋರಿಯಲ್ ಡೇ, ಜುಲೈ 4, ಲೇಬರ್ ಡೇ, ಈ ಮೂರು ರಜೆಗಳಲ್ಲಿ ಮೊದಲ ಕ್ಯಾಂಪಿಂಗ್ ಬೇಡವೇ ಬೇಡ. ಮಾಮೂಲಿ ವಾರದಲ್ಲಿ ಭಾನುವಾರ ರಾತ್ರಿ ಹೋಗಿ, ಸೋಮವಾರ ಒಂದು ರಜೆ ಹಾಕಿ. ಅದೇ ಜಾಗ ಬೇರೆಯದೇ ಅನ್ನಿಸುತ್ತದೆ.

ಇನ್ನು ಮಾತಾಡುವ ವಿಷಯ. ಇದನ್ನು ನನಗೆ ಕಲಿಸಿದ್ದು ಒಬ್ಬ ಅಮೆರಿಕನ್ ಅಮ್ಮ. ಆ ಸಲ ಗದ್ದಲ ನಮ್ಮದೇ ಆಗಿತ್ತು. ನಾಲ್ಕು ಮನೆಯವರು ಅಕ್ಕಪಕ್ಕದ ಎರಡು ಸೈಟ್ ಹಿಡಿದಿದ್ದೆವು. ಬಿಸಿಬೇಳೆಬಾತ್ ಉಂಡು ಬೆಂಕಿ ಸುತ್ತ ಅಂತ್ಯಾಕ್ಷರಿ ಶುರುವಾಗಿತ್ತು. ಒಂಬತ್ತೂಮುಕ್ಕಾಲು. ಆಕೆ ನಮ್ಮ ಸೈಟಿನೊಳಗೆ ಕಾಲಿಡಲಿಲ್ಲ. ರಸ್ತೆಯ ಅಂಚಿನಲ್ಲೇ ನಿಂತರು. ಟಾರ್ಚನ್ನು ನಮ್ಮ ಮುಖಕ್ಕೆ ಹಿಡಿಯದೆ ತಮ್ಮ ಕಾಲ ಬಳಿ ಹಿಡಿದಿದ್ದರು. ಊಟದ ವಾಸನೆ ತುಂಬಾ ಚೆನ್ನಾಗಿದೆ ಅಂದರು. ಆಮೇಲೆ, ನನ್ನ ಪಾಪು ಈಗಷ್ಟೇ ಮಲಗಿದೆ, ಸ್ವಲ್ಪ ಮೆಲ್ಲಗೆ ಹಾಡ್ತೀರಾ ಅಂತ ಕೇಳಿದರು. ನಮಗೆ ನಾಚಿಕೆಯಾಯಿತು, ಅವಮಾನ ಆಗಲಿಲ್ಲ. ಹಾಡು ಅಲ್ಲಿಗೇ ನಿಂತಿತು.

ನೀವೂ ಹಾಗೇ ಮಾಡಿ. ಸಂಜೆ ಟೆಂಟ್ ಹಾಕುವಾಗಲೇ ಪಕ್ಕದವರಿಗೆ ಒಂದು ಹಲೋ ಹೇಳಿ, ಎಲ್ಲಿಂದ ಬಂದ್ರಿ ಅಂತ ಕೇಳಿ. ಮುಖ ಪರಿಚಯ ಆದವರು ರಾತ್ರಿ ತಾವಾಗೇ ಸದ್ದು ತಗ್ಗಿಸುತ್ತಾರೆ. ಹೇಳಬೇಕಾಗಿ ಬಂದರೆ ಹತ್ತು ಗಂಟೆ ಆಸುಪಾಸಿನಲ್ಲೇ ಹೇಳಿ. ಸಿಟ್ಟು ನೆತ್ತಿಗೇರುವವರೆಗೆ ಕಾಯಬೇಡಿ. ರಸ್ತೆಯಲ್ಲೇ ನಿಂತು ಮಾತಾಡಿ, ಬೇರೆಯವರ ಸೈಟಿನೊಳಗೆ ಕೇಳದೆ ಹೋಗುವುದು ಇಲ್ಲಿ ಅವರ ಮನೆಯೊಳಗೆ ನುಗ್ಗಿದ ಹಾಗೆ. "ಹಾಯ್, ವೀ ಆರ್ ನೆಕ್ಸ್ಟ್ ಡೋರ್, ಅವರ್ ಕಿಡ್ ಈಸ್ ಟ್ರೈಯಿಂಗ್ ಟು ಸ್ಲೀಪ್, ಕುಡ್ ಯು ಪ್ಲೀಸ್ ಟರ್ನ್ ಇಟ್ ಡೌನ್ ಅ ಲಿಟಲ್?" ಇಷ್ಟೇ ಸಾಕು. ನಿಯಮದ ಮಾತು ಮೊದಲೇ ಎತ್ತಬೇಡಿ.

ಇದು ಒಂದೇ ಒಂದು ಸಲ. ಎರಡನೇ ಸಲ ನೀವು ಹೋಗಬೇಡಿ. ಕುಡಿದಿದ್ದಾರೆ ಅನ್ನಿಸಿದರೆ, ಜನ ಜಾಸ್ತಿ ಇದ್ದರೆ, ದನಿಯಲ್ಲೇ ಜಗಳ ಇದ್ದರೆ ಮೊದಲ ಸಲವೂ ಬೇಡ. ನೇರವಾಗಿ ಕ್ಯಾಂಪ್ ಹೋಸ್ಟ್ ಹತ್ತಿರ ಹೋಗಿ. ಹೆಚ್ಚಾಗಿ ಇವರು ನಿವೃತ್ತರಾದ ಗಂಡ ಹೆಂಡತಿ, ಸ್ವಯಂಸೇವಕರು, ಬಾಗಿಲ ಹತ್ತಿರ ಆರ್‌ವಿಯಲ್ಲಿ ಇರುತ್ತಾರೆ, ಹೊರಗೆ ಬೋರ್ಡ್ ಇರುತ್ತದೆ. ಹಗಲಲ್ಲೇ ಆ ಜಾಗ ನೋಡಿಟ್ಟುಕೊಳ್ಳಿ. ಯಾವ ಸೈಟ್ ನಂಬರ್, ಎಷ್ಟು ಹೊತ್ತಿನಿಂದ, ಯಾವ ಥರದ ಸದ್ದು, ಇಷ್ಟು ಹೇಳಿ. ಅವರ ಕೈಲಿ ಆಗದಿದ್ದರೆ ರೇಂಜರ್‌ನ ಕರೆಸುತ್ತಾರೆ. ಹೊಡೆದಾಟ, ಬೆದರಿಕೆ, ಬಂದೂಕಿನ ಮಾತು ಬಂದರೆ ತುರ್ತು ನಂಬರ್ 911ಕ್ಕೆ ಫೋನ್ ಮಾಡಿ, ಯೋಚನೆಯೇ ಬೇಡ.

ವೀಸಾದ ಮೇಲೆ ಬಂದವರು ದೂರು ಕೊಡೋಕೆ ಹಿಂಜರಿಯುತ್ತಾರೆ. ನಮಗೂ ಆ ಅಳುಕು ಇತ್ತು. ಇಷ್ಟು ವರ್ಷದಲ್ಲಿ ನಾನು ನಾಲ್ಕೈದು ಸಲ ಹೋಸ್ಟ್ ಬಾಗಿಲು ತಟ್ಟಿದ್ದೇನೆ. ಸೈಟ್ ನಂಬರ್ ಬಿಟ್ಟು ಬೇರೇನೂ ಯಾರೂ ಕೇಳಿಲ್ಲ.

ನಮ್ಮ ಕಡೆಯ ಸದ್ದುಗಳ ಬಗ್ಗೆಯೂ ಹೇಳಲೇಬೇಕು. ಬೆಳಗ್ಗೆ ಆರಕ್ಕೆ ಕುಕ್ಕರ್ ಕೂಗಿದರೆ ಇಡೀ ಸಾಲು ಎದ್ದು ಕೂರುತ್ತದೆ. ಬೇಳೆ ಮನೆಯಲ್ಲೇ ಬೇಯಿಸಿ ತನ್ನಿ, ಅಲ್ಲಿ ಒಗ್ಗರಣೆ ಹಾಕಿದರಾಯಿತು. ಬೇಸಿಗೆಯಲ್ಲಿ ಇಲ್ಲಿ ರಾತ್ರಿ ಹತ್ತು ಅಂದರೆ ಊರಲ್ಲಿ ಮರುದಿನ ಬೆಳಗ್ಗೆ ಹತ್ತೂವರೆ, ಅಮ್ಮನಿಗೆ ವಿಡಿಯೋ ಕಾಲ್ ಮಾಡೋಕೆ ಒಳ್ಳೇ ಹೊತ್ತು. ಇಯರ್‌ಫೋನ್ ಹಾಕಿಕೊಳ್ಳಿ, ಇಲ್ಲ ಕಾರಿನೊಳಗೆ ಕೂತು ಮಾತಾಡಿ. ಕಾರ್ ಲಾಕ್ ಮಾಡಿದಾಗ ಬರುವ ಬೀಪ್, ವ್ಯಾನಿನ ಬಾಗಿಲು, ಇವೂ ದೂರ ಕೇಳಿಸುತ್ತವೆ. ರಾತ್ರಿಗೆ ಬೇಕಾದ್ದನ್ನೆಲ್ಲ ಒಂಬತ್ತೂವರೆಗೇ ಹೊರಗೆ ತೆಗೆದಿಡಿ. ನಾಲ್ಕೈದು ಮನೆಯವರು ಒಟ್ಟಿಗೆ ಹೋಗುವುದಾದರೆ ಗ್ರೂಪ್ ಸೈಟ್ ಹಿಡಿಯಿರಿ. ಯೊಸೆಮಿಟಿಯಲ್ಲಿ ಒಂದು ಮಾಮೂಲಿ ಸೈಟಿಗೆ ಆರು ಜನ ಮಾತ್ರ, ಮಕ್ಕಳೂ ಲೆಕ್ಕಕ್ಕೆ ಸೇರುತ್ತಾರೆ.

ಇಷ್ಟೆಲ್ಲ ಮಾಡಿದರೂ ಒಂದೊಂದು ರಾತ್ರಿ ಕೈಕೊಡುತ್ತದೆ. ಅದಕ್ಕೇ ಫೋಮ್ ಇಯರ್‌ಪ್ಲಗ್ ಸದಾ ಚೀಲದಲ್ಲಿರಲಿ. ತುಂಬಾ ಜನ ಅದನ್ನು ಕಿವಿಯ ಬಾಯಿಗೆ ಒತ್ತಿ, ಕೆಲಸ ಮಾಡಲ್ಲ ಅಂತ ಬಿಸಾಡುತ್ತಾರೆ. ಬೆರಳಲ್ಲಿ ಹೊಸೆದು ಬತ್ತಿಯಷ್ಟು ಸಣ್ಣ ಮಾಡಿ. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ ಎಳೆದು ಹಿಡಿಯಿರಿ. ಒಳಗೆ ತೂರಿಸಿ, ಅದು ಉಬ್ಬುವವರೆಗೆ ಅರ್ಧ ನಿಮಿಷ ಬೆರಳು ಒತ್ತಿಟ್ಟುಕೊಳ್ಳಿ. ಪುಟ್ಟ ಮಕ್ಕಳಿದ್ದರೆ ಅಪ್ಪ ಅಮ್ಮ ಇಬ್ಬರೂ ಒಟ್ಟಿಗೆ ಹಾಕಿಕೊಳ್ಳಬೇಡಿ, ಒಬ್ಬರ ಕಿವಿ ತೆರೆದಿರಲಿ.

ಬೆಳಗ್ಗೆ ಸೇಡಿಗೆ ಅಂತ ಪಾತ್ರೆ ಕುಟ್ಟುವುದು, ಹಾರ್ನ್ ಹೊಡೆಯುವುದು ಬೇಡ. ಆಚೆ ಸೈಟಿನ ಪಾಪು ಏಳುತ್ತದೆ ಅಷ್ಟೇ. ಇನ್ನೊಂದು ರಾತ್ರಿ ಉಳಿಯುವುದಿದ್ದರೆ ಹೋಸ್ಟ್ ಹತ್ತಿರ ಅಥವಾ ಬಾಗಿಲ ಕಿಯೋಸ್ಕಿನಲ್ಲಿ ಬೇರೆ ಸೈಟ್ ಕೇಳಿ. ಬುಕಿಂಗ್ ರದ್ದಾಗಿ ಖಾಲಿ ಬಿದ್ದದ್ದು ಒಂದಾದರೂ ಇರುವುದುಂಟು. ನಮಗೂ ಅಂದು ಆ ಅಜ್ಜ ಸಾಲಿನ ಕೊನೆಯಲ್ಲಿದ್ದ, ರೆಡ್‌ವುಡ್ ಮರದ ಕೆಳಗಿನ ಸೈಟ್ ಕೊಟ್ಟರು. ಟೆಂಟ್ ಮಡಿಸದೆ ಇಬ್ಬರೂ ಎರಡು ಕಡೆ ಹಿಡಿದು ರಸ್ತೆಯಲ್ಲಿ ಹೊತ್ತುಕೊಂಡು ಹೋದೆವು. ದಿಂಬು ತಬ್ಬಿಕೊಂಡು ಹಿಂದೆ ಬಂದ ಮಗಳು ಟೆಂಟ್ ನಿಲ್ಲಿಸುತ್ತಿದ್ದ ಹಾಗೇ ಒಳಗೆ ಸೇರಿ ಮಲಗಿದವಳು ಎದ್ದಿದ್ದು ಮಧ್ಯಾಹ್ನ ಎರಡು ಗಂಟೆಗೆ.