ನಲಿಕಲಿ ಕ್ಲಾಸಿಗೆ ಇಂಟರ್ನೆಟ್: ಹುಡುಕೋದು ಮನೇಲಿ, ತೋರ್ಸೋದು ಶಾಲೇಲಿ

ಒಂದು ಶಾಲೇಲಿ ನಲಿಕಲಿ ಕ್ಲಾಸ್ (ಸರ್ಕಾರಿ ಶಾಲೇಲಿ ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ಒಟ್ಟಿಗೆ ಕೂತು ಆಡ್ತಾ ಕಲಿಯೋ ಕ್ಲಾಸು) ನೋಡ್ತಾ ಹಿಂದೆ ಕೂತಿದ್ದೆ. ಮೇಷ್ಟ್ರು ಮಕ್ಕಳ ಮುಂದೇನೇ ಟಿವಿಗೆ ಮೊಬೈಲ್ ಸೇರಿಸಿ ‘ಆನೆ ವಿಡಿಯೋ’ ಅಂತ ಟೈಪ್ ಮಾಡಿದ್ರು. ಬಂದಿದ್ದು ಆನೆ ಯಾರನ್ನೋ ಅಟ್ಟಿಸ್ಕೊಂಡು ಹೋಗೋ ವಿಡಿಯೋ. ಗಾಬರಿಯಾಗಿ ಇನ್ನೊಂದು ಒತ್ತಿದ್ರೆ ರಮ್ಮಿ ಜಾಹೀರಾತು, ಅದನ್ನ ಸ್ಕಿಪ್ ಮಾಡೋ ಹೊತ್ತಿಗೆ ಮೇಲಿಂದ ಮನೆಯವರ ವಾಟ್ಸಾಪ್ ಮೆಸೇಜು, ‘ಗ್ಯಾಸ್ ಬುಕ್ ಮಾಡಿದ್ರಾ?’ ಅಂತ. ಮೂರನೇ ಕ್ಲಾಸಿನ ಹುಡುಗಿ ಅದನ್ನ ಜೋರಾಗಿ ಓದಿದ್ಲು. ಓದೋದಂತೂ ಬಂತಲ್ಲ ಅನ್ನಿ, ಆದ್ರೆ ಇಪ್ಪತ್ತು ನಿಮಿಷ ಹೋಯ್ತು, ಆನೆ ಪಾಠ ಬರಲೇ ಇಲ್ಲ.

ನಗೋ ಹಾಗಿಲ್ಲ, ನಾನೂ ಇದನ್ನೇ ಮಾಡಿದೀನಿ. ಒಂದರಿಂದ ಮೂರನೇ ಕ್ಲಾಸಿನ ಮಕ್ಕಳ ಮುಂದೆ ಯಾವತ್ತೂ ಲೈವ್ ಆಗಿ ಏನನ್ನೂ ಹುಡುಕಬೇಡಿ. ಹಿಂದಿನ ರಾತ್ರಿ ಮನೇಲಿ ಹುಡುಕಿ, ಬೇಕಾದ್ದಷ್ಟೇ ಫೋನಿಗೆ ಇಳಿಸ್ಕೊಂಡು ಬನ್ನಿ.

ಮೊದಲು ಮೆಟ್ಟಿಲು, ಆಮೇಲೆ ಇಂಟರ್ನೆಟ್. ನಲಿಕಲಿಯಲ್ಲಿ ಕಲಿಯೋದನ್ನ ಏಣಿ ಥರ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿರ್ತಾರೆ, ನಾಳೆ ಮಕ್ಕಳು ಆ ಏಣಿಯ ಯಾವ ಮೆಟ್ಟಿಲಲ್ಲಿ ಇರ್ತಾರೆ ನೋಡ್ಕೊಳ್ಳಿ. ಬಹಳ ಜನ ‘ಅ ಆ ಇ ಈ’ ಹಾಡು ಹಾಕಿಬಿಡ್ತಾರೆ, ಆದ್ರೆ ನಲಿಕಲಿಯಲ್ಲಿ ಅಕ್ಷರ ಶುರುವಾಗೋದು ರ, ಗ, ಸ, ದ, ಅ ಅಂತ ಅಲ್ವಾ? ಆ ಐದರಲ್ಲೇ ಸರ, ಅರಸ, ಅಗಸ, ದಸರ, ಗರಗಸ ಅಂತ ಮಗು ಪದ ಕಟ್ಟಕ್ಕೆ ಶುರು ಮಾಡುತ್ತೆ, ಅದರ ಮಧ್ಯೆ ನೀವು ‘ಋ ಋಷಿ’ ತಂದು ಹಾಕಿದ್ರೆ ಅದು ಬಾಯಿಪಾಠ ಮಾಡುತ್ತೆ, ಓದೋದಿಲ್ಲ. ಇನ್ನು ಆ ಹಾಡುಗಳ ಉಚ್ಚಾರಣೆ! ‘ಬಾಳೆಹಣ್ಣು’ ಇರೋ ಜಾಗಕ್ಕೆ ಹೋಗಿ ಕೇಳಿ, ‘ಬಾಲೆಹನ್ನು’ ಅಂತಿದ್ರೆ ಅಲ್ಲೇ ಬಂದ್ ಮಾಡಿ. ಬಣ್ಣಬಣ್ಣದ ಡಬ್ಬದಲ್ಲಿ ದುಡ್ಡಿಗೆ ಮಾರೋ ‘ಡಿಜಿಟಲ್ ಅಕ್ಷರಮಾಲೆ’ ಪೆನ್ ಡ್ರೈವಿಗೂ ಇದೇ ಪರೀಕ್ಷೆ, ನಾನು ತಗೊಂಡಿದ್ದು ಫೇಲಾಯ್ತು. ಎಐ ಹತ್ರ ಚಾರ್ಟ್ ಮಾಡಿಸೋರು ಒತ್ತಕ್ಷರಗಳನ್ನ ಒಂದೊಂದಾಗಿ ನೋಡಿ, ಕನ್ನಡದ ಹಾಗೇ ಕಾಣೋ ಆದ್ರೆ ಕನ್ನಡವೇ ಅಲ್ಲದ ಅಕ್ಷರ ಅದರಲ್ಲಿ ಬಂದಿರಬಹುದು.

ಎಲ್ಲಿ ಹುಡುಕೋದು? ಕಥೆಗೆ ಸ್ಟೋರಿವೀವರ್ ಅನ್ನೋ ವೆಬ್‌ಸೈಟ್ ಸಾಕು. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ್ದು, ಕನ್ನಡ ಕಥೆಗಳು ಬೇಕಾದಷ್ಟಿವೆ, ಓದೋ ಹಂತದ ಪ್ರಕಾರ ಬೇರೆ ಮಾಡಿಟ್ಟಿದಾರೆ, ಮುಕ್ತ ಲೈಸೆನ್ಸ್ ಆದ್ದರಿಂದ ಪ್ರಿಂಟ್ ತೆಗೆದು ಹಂಚಿದ್ರೂ ತೊಂದರೆ ಇಲ್ಲ, ಬರೆದೋರ ಹೆಸರು ಮಾತ್ರ ತೆಗೀಬೇಡಿ. ನಲಿಕಲಿಗೆ ಒಂದನೇ ಹಂತದ ಕಥೇನೇ ತಗೊಳ್ಳಿ. ಪಠ್ಯಪುಸ್ತಕದ ಕ್ಯೂಆರ್ ಕೋಡ್‌ಗೆ ಸರ್ಕಾರದ ದೀಕ್ಷಾ ಆ್ಯಪ್ ಇದೆ, ಮನೇಲೇ ಸ್ಕ್ಯಾನ್ ಮಾಡಿ ಇಳಿಸ್ಕೊಳ್ಳಿ. ಹಕ್ಕಿ ಕೂಗಿಗೆ ಝೀನೋ-ಕ್ಯಾಂಟೋ (xeno-canto) ಅನ್ನೋ ವೆಬ್‌ಸೈಟ್. ಅದರ ಬಗ್ಗೆ ಈಗ ಹೇಳ್ತೀನಿ.

ಇಳಿಸಿದ್ಮೇಲೆ ಒಂದ್ಸಲ ಪೂರ್ತಿ ನೋಡಿ, ಫೋನ್ ಏರೋಪ್ಲೇನ್ ಮೋಡಿಗೆ ಹಾಕಿ ಮತ್ತೆ ಓಪನ್ ಆಗುತ್ತಾ ನೋಡಿ. ಶಾಲೇಲಿ ಆ ಮೋಡ್ ತೆಗೀಲೇಬೇಡಿ, ಆಗ ಜಾಹೀರಾತೂ ಇಲ್ಲ, ಗ್ಯಾಸೂ ಇಲ್ಲ. ಪಿಪಿಟಿ ಮಾಡೋರು ಪಿಡಿಎಫ್ ಮಾಡಿ ತನ್ನಿ, ಇಲ್ಲದಿದ್ರೆ ನಿಮ್ಮ ನುಡಿ ಫಾಂಟ್ ಶಾಲೆ ಕಂಪ್ಯೂಟರಲ್ಲಿ ಇಂಗ್ಲಿಷ್ ಗಿಜಿಬಿಜಿ ಆಗಿ ಕೂತಿರುತ್ತೆ.

ತೋರ್ಸೋದು. ಎಲ್ಲರೂ ಎಡವೋದು ಇಲ್ಲೇ. ವಿಡಿಯೋ ಹಾಕಿ ‘ಎಲ್ಲಾ ನೋಡ್ರೋ’ ಅಂದು ದಾಖಲಾತಿ ಪುಸ್ತಕ ಬರೆಯೋಕೆ ಕೂರ್ತಾರೆ. ಮಕ್ಕಳು ಗಲಾಟೆ ಮಾಡದೇ ನೋಡ್ತಾರೆ, ನಿಜ. ಮುಗಿದ್ಮೇಲೆ ಏನ್ ನೋಡಿದ್ರಿ ಅಂತ ಕೇಳಿದ್ರೆ ‘ಚೆನ್ನಾಗಿತ್ತು ಮಿಸ್’.

ನಾನು ಕೆಂಬೂತ ಅನ್ನೋ ಹಕ್ಕಿಯ ಪಾಠ ಮಾಡಿದ್ದು ಹೇಗೆ ಅಂದ್ರೆ, ಝೀನೋ-ಕ್ಯಾಂಟೋದಲ್ಲಿ ಅದರ ಇಂಗ್ಲಿಷ್ ಹೆಸರು ‘ಗ್ರೇಟರ್ ಕೂಕಲ್’ (Greater Coucal) ಅಂತ ಹಾಕಿದೆ. ಅಲ್ಲಿ ಪ್ರತಿ ರೆಕಾರ್ಡಿಂಗಿಗೂ ಎಲ್ಲಿ ಯಾವಾಗ ಮಾಡಿದ್ದು ಅನ್ನೋದರ ಜೊತೆ ಎ ಇಂದ ಇ ತನಕ ಗುಣಮಟ್ಟದ ಗುರುತು ಇರುತ್ತೆ, ಎ ಇರೋದನ್ನೇ ತಗೊಳ್ಳಿ. ಮೂವತ್ತು ಸೆಕೆಂಡ್ ಸಾಕು. ಅದರ ಕೂಗು ತೀರಾ ತಗ್ಗಿನ ದನಿ, ‘ಊಪ್ ಊಪ್ ಊಪ್’ ಅಂತ ಮಡಕೆಯೊಳಗಿಂದ ಬಂದ ಹಾಗೆ, ಫೋನಿನ ಸಣ್ಣ ಸ್ಪೀಕರಲ್ಲಿ ಸರಿಯಾಗಿ ಬರಲ್ಲ, ಅದಕ್ಕೆ ಒಂದು ಬ್ಲೂಟೂತ್ ಸ್ಪೀಕರ್ ಬೇಕೇ ಬೇಕು, ಏರೋಪ್ಲೇನ್ ಮೋಡಲ್ಲೇ ಬ್ಲೂಟೂತ್ ಒಂದನ್ನ ಮಾತ್ರ ಆನ್ ಮಾಡ್ಕೊಳ್ಳಿ. ನನ್ನ ಕೇಳಿದ್ರೆ ಪ್ರೊಜೆಕ್ಟರಿಗಿಂತ ಮೊದಲು ತಗೋಬೇಕಾದ್ದು ಸ್ಪೀಕರ್ರೇ.

ಚಿತ್ರ ಮೊದಲು ತೋರಿಸಬೇಡಿ. ಕಣ್ಣು ಮುಚ್ಚಿಸಿ ಕೂಗು ಕೇಳಿಸಿ, ಯಾರದು ಅಂತ ಕೇಳಿ. ನಮ್ಮಲ್ಲಿ ಒಬ್ಬ ಮುಸಿಯ ಅಂದ, ಇನ್ನೊಬ್ಬಳು ಗೂಬೆ ಅಂದ್ಲು, ಯಾವನೋ ‘ಬೋರ್‌ವೆಲ್’ ಅಂದ. ಯಾವುದನ್ನೂ ತಪ್ಪು ಅನ್ನಲಿಲ್ಲ, ‘ಹಾಗಾದ್ರೆ ಹೆಂಗಿರಬಹುದು, ಬರೀರಿ’ ಅಂದೆ. ಎಲ್ಲರೂ ಗೋಡೆ ಹಲಗೆ ಮೇಲೆ ತಮ್ಮ ತಮ್ಮ ಜಾಗದಲ್ಲಿ ಪ್ರಾಣಿ ಬರೆದ್ರು. ಎರಡನೇ ಸಲ ಕೇಳಿಸಿದಾಗ ಮೂಲೇಲಿ ಕೂತಿದ್ದ, ಬಾಯೇ ಬಿಡದ ಹುಡುಗ ಎದ್ದು ನಿಂತು ‘ಮಿಸ್, ಇದು ನಮ್ಮ ಬೇಲಿ ಹಕ್ಕಿ, ನೆಲದ ಮೇಲೆ ನಡಿತದೆ, ಕಣ್ಣು ಕೆಂಪು’ ಅಂದ. ಆಮೇಲೇ ಫೋಟೋ ತೆಗೆದೆ. ಕಪ್ಪು ಮೈ, ಇಟ್ಟಿಗೆ ಬಣ್ಣದ ರೆಕ್ಕೆ, ಕೆಂಪು ಕಣ್ಣು. ನವಿಲು ಕುಣೀತು ಅಂತ ಪುಕ್ಕ ಕೆದರಿದ ಗಾದೆಯ ಕೆಂಬೂತ ಇದೇ ಕಣ್ರೋ ಅಂದೆ. ಟಿವಿ ಇಲ್ಲದಿದ್ರೆ ಚಿಂತೆ ಬೇಡ, ಹೆಂಗೂ ಮಕ್ಕಳು ಗುಂಪು ಗುಂಪಾಗಿ ಕೂತಿರ್ತಾರೆ, ಒಂದೊಂದು ತಟ್ಟೆಗೂ, ಅಂದ್ರೆ ಗುಂಪಿಗೂ, ಫೋನ್ ತಗೊಂಡೋಗಿ ತೋರಿಸಿ, ಫೋನ್ ನಿಮ್ಮ ಕೈಯಲ್ಲೇ ಇರಲಿ.

ವಿಡಿಯೋನೇ ಬೇಕು ಅಂದ್ರೆ ಎರಡು ನಿಮಿಷ ಮೀರದ್ದು, ಅದೂ ಸೌಂಡ್ ಬಂದ್ ಮಾಡಿ. ಮಾತಾಡೋ ಕೆಲಸ ಮಕ್ಕಳು ಮಾಡ್ಲಿ. ಅಲ್ಲಲ್ಲಿ ನಿಲ್ಲಿಸಿ ‘ಮುಂದೇನಾಗುತ್ತೆ?’ ಅಂತ ಕೇಳಿ. ಸೌಂಡ್ ಇಲ್ಲದೆ ಮಕ್ಕಳು ನೋಡಲ್ಲ ಅನ್ನೋರು ಒಂದ್ಸಲ ಮಾಡಿ ನೋಡಿ.

ಆಮೇಲೆ ಐದು ನಿಮಿಷ ಹೊರಗೆ ಕರ್ಕೊಂಡೋಗಿ ಸುಮ್ನೆ ಕೇಳಿಸಿ. ಸ್ಪೀಕರ್ ಮಾತ್ರ ಹೊರಗೆ ತರಬೇಡಿ, ಬೇರೆ ಹಕ್ಕಿ ತನ್ನ ಜಾಗಕ್ಕೆ ನುಗ್ಗಿದೆ ಅಂತ ಗೂಡು ಕಟ್ಟಿರೋ ಹಕ್ಕಿ ಗಾಬರಿ ಬೀಳುತ್ತೆ. ವಾಪಸ್ ಬಂದು ಇನ್ನೊಂದ್ಸಲ ಚಿತ್ರ, ಈ ಸಲ ಹಾಳೆ ಮೇಲೆ, ಕ್ಲಾಸಲ್ಲಿ ಮೇಲೆ ದಾರ ಕಟ್ಟಿರೋ ಚಪ್ಪರಕ್ಕೆ ನೇತು ಹಾಕಿ ಮುಗೀತು. ಅದರ ಫೋಟೋ ಸ್ಟೇಟಸ್ಸಿಗೆ ಹಾಕೋದಾದ್ರೆ ಚಿತ್ರ ಹಾಕಿ, ಮಕ್ಕಳ ಮುಖ ಬೇಡ.

ಇಳಿಸಿದ್ದನ್ನ ಮೆಟ್ಟಿಲಿನ ನಂಬರ್ ಹಾಕಿ ಪೆನ್ ಡ್ರೈವಲ್ಲಿ ಇಟ್ಕೊಳ್ಳಿ, ಮುಂದಿನ ವರ್ಷ ರಾತ್ರಿ ಕೂತು ಹುಡುಕೋ ಕೆಲಸ ತಪ್ಪುತ್ತೆ. ಪಕ್ಕದ ಶಾಲೆಯೋರು ಕೇಳಿದ್ರೆ ಧಾರಾಳವಾಗಿ ಕೊಡಿ, ಆದ್ರೆ ಕಾಪಿ ಮಾಡ್ಕೊಂಡ ಕೂಡ್ಲೇ ಅಲ್ಲೇ ನಿಂತು ಪೆನ್ ಡ್ರೈವ್ ವಾಪಸ್ ಇಸ್ಕೊಳ್ಳಿ. ನಂದು ಎರಡು ಹಂಗೇ ಹೋಗಿವೆ.