ಡೊಂಬಿವಲಿಯಲ್ಲಿ ಟಾಕೆ, ನ್ಯೂಜೆರ್ಸಿಯಲ್ಲಿ ಕಾಲುಚೀಲ

ಮಗಳ ಬಾಣಂತನಕ್ಕೆ ಅಮೆರಿಕದ ನ್ಯೂಜೆರ್ಸಿಗೆ ಹೊರಟಾಗ ನಾನು ಮಗುವಿನ ಬಟ್ಟೆ ಹೆಣೆಯಲು ಉಲ್ಲನ್‌ಗೆ ಮೊದಲೇ ಟಾಕೆ ಹಾಕಿ ಹನ್ನೆರಡು ಪುಟ್ಟ ಚೀಲಗಳಲ್ಲಿ ಇಟ್ಟುಕೊಂಡಿದ್ದೆ. ನೋಡಿ ನಗದವರೇ ಇಲ್ಲ. "ಅಲ್ಲೆ ಎಲ್ಲಾ ಸಿಗತಾವ ವೈನಿ, ಸುಮ್ನ ಯಾಕ ಹೊರೆ?" ಅಂದಳು ನಾದಿನಿ. "ಸೂಟ್‌ಕೇಸಿನೊಳಗ ಎಲ್ಲಾ ಬಿಚ್ಚಿಹೋಗತಾವ ನೋಡು" ಅಂದರು ನಮ್ಮವರು. ಹೋಗಿ ಬಂದು ಎರಡು ತಿಂಗಳಾಯಿತು. ಹನ್ನೆರಡರಲ್ಲಿ ಹನ್ನೊಂದು ಮುಗಿದವು, ಮಗುವಿನ ಮೈಮೇಲೂ ಬಂದವು. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಟಾಕಾ ಅಂದರೆ ಹೆಣೆಯುವ ಕಡ್ಡಿಯ ಮೇಲಿನ ಕುಣಿಕೆ, ಹಲವಾದರೆ ಟಾಕೆ. ನನಗೆ ಹೆಣೆಯಲು ಕಲಿಸಿದ್ದು ಪಕ್ಕದ ಮನೆಯ ಮರಾಠಿ ಆಜಿ. ಹಾಗಾಗಿ ಧಾರವಾಡದಿಂದ ಮುಂಬೈ ಹತ್ತಿರದ ಡೊಂಬಿವಲಿಗೆ ಬಂದ ನನ್ನ ಬಾಯಲ್ಲೂ ಮೂವತ್ತು ವರ್ಷದಿಂದ ಅದೇ ಮಾತು ಕೂತಿದೆ.

ಮೊದಲು ಸೋತ ಕಥೆ. 2019ರಲ್ಲಿ ಮೊಮ್ಮಗ ಹುಟ್ಟಿದಾಗ ಎರಡು ಕಿಲೋ ಉಲ್ಲನ್ ತುಂಬಿಕೊಂಡು ಹೋಗಿದ್ದೆ. ದೊಡ್ಡ ಹೊದಿಕೆ ಹೆಣೆಯುವ ಆಸೆ. ಉಲ್ಲನ್‌ಗೆ ಜಾಗ ಮಾಡಲು ಮೆಂತ್ಯದ ಹಿಟ್ಟು ತೆಗೆದೆ. ಅಂಟಿನ ಉಂಡೆ ಡಬ್ಬಿ ಮಾತ್ರ ಬಿಡಲಾಗಲಿಲ್ಲ. ಅದರ ಸುತ್ತ ಉಲ್ಲನ್ ಉಂಡೆಗಳನ್ನೇ ಒತ್ತಾಗಿ ತುರುಕಿದೆ, ಒಂದು ಕಲ್ಲಿಗೆ ಎರಡು ಹಕ್ಕಿ ಅಂತ ಖುಷಿಪಟ್ಟೆ. ಡಬ್ಬಿಯ ಮುಚ್ಚಳ ಸಡಿಲವಾಗಿತ್ತು. ಅಲ್ಲಿ ತೆಗೆದು ನೋಡಿದರೆ ಬಿಳಿ ಉಲ್ಲನ್‌ಗೆ ಅಂಗೈ ಅಗಲದ ಹಳದಿ ಕಲೆ. ಮೂರು ಸಲ ಸೋಪಿನಲ್ಲಿ ತೊಳೆದರೂ ಮೂಗಿನ ಹತ್ತಿರ ತಂದರೆ ತುಪ್ಪ, ಜಾಯಿಕಾಯಿ.

ಕಡ್ಡಿಯದ್ದು ಇನ್ನೊಂದು ರಾಮಾಯಣ. ಕೈಚೀಲದಲ್ಲಿದ್ದ ಅಲ್ಯುಮಿನಿಯಂ ಕಡ್ಡಿಗಳನ್ನು ತಪಾಸಣೆಯಲ್ಲಿ ತೆಗೆದಿಟ್ಟುಕೊಂಡರು. ಯಾವ ಊರಿನ ನಿಲ್ದಾಣ ಅಂತ ಬೇಡ ಬಿಡಿ. ಅಲ್ಲಿ ಹೋಗಿ ಮಗಳಿಗೆ "ಹತ್ತು ನಂಬರ್ ಕಡ್ಡಿ ತರಿಸು" ಅಂದೆ. ಬಂದದ್ದು ಹೆಬ್ಬೆರಳಿಗೆ ಸ್ವಲ್ಪ ಕಡಿಮೆ! ನಮ್ಮ ಹತ್ತು ನಂಬರ್ ಅಂದರೆ 3.25 ಎಂಎಂ. ನಮ್ಮದು ಹಳೇ ಬ್ರಿಟಿಷ್ ಲೆಕ್ಕ, ನಂಬರ್ ಏರಿದಷ್ಟೂ ಕಡ್ಡಿ ಸಣ್ಣ. ಅಮೆರಿಕದ್ದು ತದ್ವಿರುದ್ಧ, ಅವರ ಹತ್ತು ಅಂದರೆ 6 ಎಂಎಂ. ನಮ್ಮ ಹತ್ತಕ್ಕೆ ಅಲ್ಲಿ ಮೂರು ಅಂತ ಕೇಳಬೇಕು. ದಪ್ಪ ಅಂತ ಕಣ್ಣಿಗೇ ಕಾಣುತ್ತಿತ್ತು, ಆದರೆ ಎಂಟು ಡಾಲರ್ ಕೊಟ್ಟಾಗಿದೆಯಲ್ಲ, ಸುಮ್ನೆ ಇಡೋದಾ ಅಂತ 80 ಟಾಕೆ ಹಾಕಿ ಕುಲಾವಿ ಹೆಣೆದೆ. ಅದು ಅಳಿಯನ ತಲೆಗೆ ಸರಿಯಾಗಿ ಕೂತಿತು. ಪಾಪ, ಆ ಚಳಿಗಾಲವೆಲ್ಲ ಹಾಕಿಕೊಂಡು ಓಡಾಡಿದ.

ಆಮೇಲೆ ಅಲ್ಲಿಯ ಅಂಗಡಿಯಲ್ಲೇ ಶುದ್ಧ ಉಣ್ಣೆ ಕೊಂಡು ಒಂದು ಸ್ವೆಟರ್ ಮುಗಿಸಿದೆ. 50 ಗ್ರಾಂ ಉಂಡೆಗೆ ಹನ್ನೊಂದೋ ಹನ್ನೆರಡೋ ಡಾಲರ್. ಮೂರು ಉಂಡೆ ಹಿಡಿಯಿತು. ಅಳಿಯ ಒಳ್ಳೇ ಮನಸ್ಸಿನಿಂದ ಮಗುವಿನ ಬಟ್ಟೆಯ ಜೊತೆ ಅದನ್ನೂ ಮೆಷಿನ್‌ಗೆ ಹಾಕಿ, ಡ್ರೈಯರ್‌ಗೂ ಹಾಕಿದ. ಹೊರಗೆ ಬಂದಾಗ ಗೊಂಬೆಯ ಸ್ವೆಟರ್. ಎಳೆದರೂ ಬಗ್ಗದ ಕಂಬಳಿ ತುಂಡು. ಅವನ ಮುಖ ನೋಡಿ ನಾನೇ ಸಮಾಧಾನ ಮಾಡಬೇಕಾಯಿತು.

ಹೊದಿಕೆ ಕೊನೆಗೂ ಅರ್ಧಕ್ಕೆ ನಿಂತಿತು. ಮುಗಿದಿದ್ದರೂ ತೊಟ್ಟಿಲಿಗೆ ಹಾಕಲು ಬಿಡುತ್ತಿರಲಿಲ್ಲ. ವರ್ಷ ತುಂಬುವ ತನಕ ಮಲಗುವ ಜಾಗದಲ್ಲಿ ಸಡಿಲವಾದ ಹೊದಿಕೆ ಇರಬಾರದು ಅಂತ ಅಲ್ಲಿಯ ಡಾಕ್ಟರುಗಳು ಹೇಳುತ್ತಾರೆ. ಆ ಸಲ ಉಲ್ಲನ್, ಕಡ್ಡಿ ಎಲ್ಲಾ ಸೇರಿ ಏನಿಲ್ಲವೆಂದರೂ ಹತ್ತು ಸಾವಿರ ರೂಪಾಯಿ ನೀರುಪಾಲು. ಈ ಲೆಕ್ಕ ನಮ್ಮವರಿಗೆ ಇವತ್ತಿಗೂ ಪೂರ್ತಿ ಗೊತ್ತಿಲ್ಲ.

ಹೋದ ನವೆಂಬರ್‌ನಲ್ಲಿ ಮೊಮ್ಮಗಳು ಬರುವ ಹೊತ್ತಿಗೆ ಒಂದು ವಿಷಯ ತಲೆಗೆ ಹೊಕ್ಕಿತ್ತು. ಬಾಣಂತಿಯ ಮನೆಯಲ್ಲಿ ಹೆಣೆಯಬಹುದು, ಎಣಿಸಲು ಆಗುವುದಿಲ್ಲ. ಮೂವತ್ತೇಳು, ಮೂವತ್ತೆಂಟು ಅನ್ನುವಷ್ಟರಲ್ಲಿ ಮಗು ಎದ್ದಿರುತ್ತದೆ, ಇಲ್ಲಾ ಕುಕ್ಕರ್ ಕೂಗುತ್ತದೆ. ಹಾಗಾದರೆ ಎಣಿಸುವ ಕೆಲಸವೆಲ್ಲ ಇಲ್ಲೇ ಮುಗಿಸಬೇಕು.

ಮುಗಿಸಿದ್ದು ಎಲ್ಲಿ ಅಂದುಕೊಂಡಿರಿ? ಲೋಕಲ್ ಟ್ರೇನಿನಲ್ಲಿ. ಆಗ ವಾರಕ್ಕೆ ಮೂರು ದಿನ ಮುಂಬೈನ ಸಿಎಸ್‌ಎಂಟಿ ಸ್ಟೇಷನ್ ಕಡೆ ಹೋಗುತ್ತಿದ್ದೆ. ಬೆಳಗ್ಗೆ ಹನ್ನೊಂದರ ಮೇಲೆ ಲೇಡೀಸ್ ಡಬ್ಬಿಯಲ್ಲಿ ಕಿಟಕಿ ಸಿಕ್ಕರೆ ಡೊಂಬಿವಲಿಯಿಂದ ಠಾಣೆ ಬರುವುದರೊಳಗೆ 44 ಟಾಕೆ ಹಾಕಿ, ಎರಡು ಸಲ ಎಣಿಸಿ, ಒಂದು ಸಾಲು ಹೆಣೆದಿರುತ್ತಿದ್ದೆ. ಆಮೇಲೆ ಟಾಕೆಗಳನ್ನೆಲ್ಲ ಬೇರೆ ಬಣ್ಣದ ದಾರಕ್ಕೆ ಏರಿಸಿ ತುದಿಗೆ ಗಂಟು. ಜೊತೆಗೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದ 25 ಗ್ರಾಂ ಉಲ್ಲನ್. ಜಿಪ್ ಚೀಲದೊಳಗೆ ಹಾಕಿ ಗಾಳಿ ಒತ್ತಿದರೆ ಒಂದು ಹೋಳಿಗೆಯಷ್ಟು ದಪ್ಪ. ಹನ್ನೆರಡೂ ಸೇರಿ 300 ಗ್ರಾಂ. ಎಂಟು ಚೀಲ ಕಾಲುಚೀಲಕ್ಕೆ, ಎರಡು ಕುಲಾವಿಗೆ, ಎರಡು ತೋಳಿಲ್ಲದ ಅಂಗಿಗೆ. ಅಂಗಿಗೆ ಮಾತ್ರ ಉಲ್ಲನ್ ಸಾಲದೆ ಅಲ್ಲಿ ಬೇರೆ ಬಣ್ಣ ಸೇರಿಸಿದೆ, ಪಟ್ಟೆ ಬಂತು, ಅದೇ ಚೆಂದ ಕಂಡಿತು.

ದಾರದ ಮೇಲೆ ಟಾಕೆ ಇರುವುದರಿಂದ ಎಲ್ಲಕ್ಕೂ ಸೇರಿ ಒಂದೇ ಕಡ್ಡಿ ಸಾಕು. ಎರಡು ತುದಿಗಳ ನಡುವೆ ವೈರ್ ಇರುವ ಬಿದಿರಿನ ಕಡ್ಡಿ, 3.25 ಎಂಎಂ. ಈ ಸಲ ಅದನ್ನು ದೊಡ್ಡ ಸೂಟ್‌ಕೇಸಿನಲ್ಲೇ ಕಳಿಸಿದೆ, ವಿಮಾನದಲ್ಲಿ ಸುಮ್ನೆ ನಿದ್ದೆ ಮಾಡಿದೆ. ವೈರ್ ಕಡ್ಡಿಯಿಂದ ಇನ್ನೊಂದು ಅನುಕೂಲ, ಥಟ್ಟನೆ ಎದ್ದರೂ ಸೋಫಾದ ಕೆಳಗೆ ಉರುಳುವುದಿಲ್ಲ. ಮಗು ಮಡಿಲಲ್ಲಿದ್ದಾಗ ಮಾತ್ರ ಯಾವ ಕಡ್ಡಿಯನ್ನೂ ಮುಟ್ಟಲ್ಲ.

ಕಾಲುಚೀಲ ಹೀಗೆ. ಹುಟ್ಟಿದ ಮಗುವಿನ ಪಾದ ಏಳೆಂಟು ಸೆಂಟಿಮೀಟರ್. 44 ಟಾಕೆಗೆ ಹದಿನೆಂಟು ಬರುತ್ತದೆ, ಮಡಿಸಿದರೆ ಒಂಬತ್ತು. ಪಾದದ ಭಾಗದಲ್ಲಿ ಎಲ್ಲಾ ಸಾಲೂ ಸೀದಾ, ಅಂದರೆ ನೇರ ಹೆಣಿಗೆ. ಉಲ್ಟಾ ಇಲ್ಲದ್ದರಿಂದ ಎಲ್ಲಿ ಬಿಟ್ಟೆ ಅಂತ ನೆನಪಿಡಬೇಕಿಲ್ಲ. ಹತ್ತು ಉಬ್ಬುಗೆರೆ ಕಂಡ ಮೇಲೆ ಬೆರಳಿನ ಕಡೆ, ನಡು ಮಧ್ಯದಲ್ಲಿ ಸಾಲಿಗೆ ಎರಡೆರಡು ಕಡಿಮೆ ಮಾಡುತ್ತಾ 28ಕ್ಕೆ ಇಳಿಸಿ. ಆಮೇಲೆ ಎರಡು ಸೀದಾ ಎರಡು ಉಲ್ಟಾ, ನಾಲ್ಕೈದು ಸೆಂಟಿಮೀಟರ್ ಉದ್ದದ ಕತ್ತು. ಎಲ್ಲರ ಕಾಲುಚೀಲವೂ ಒದ್ದರೆ ಬಿದ್ದುಹೋಗುತ್ತದೆ, ಅಲ್ವಾ? ನನ್ನದು ಬೀಳುವುದಿಲ್ಲ. ಹಿಮ್ಮಡಿಯ ಹತ್ತಿರ, 28 ಆದ ಮೇಲಿನ ಮೂರನೇ ಸಾಲಿನಲ್ಲಿ ಒಂದು ಸಣ್ಣ ಕೆಲಸ ಇದೆ. ಅದನ್ನು ಇಲ್ಲಿ ಬರೆಯಲ್ಲ. ಆಜಿ ನನಗೆ ಹೇಳಿಕೊಡಲು ಎರಡು ವರ್ಷ ಸತಾಯಿಸಿದ್ದರು! ಲಾಡಿ ಮಾತ್ರ ಕಟ್ಟಬೇಡಿ, ಮಗುವಿನ ಬೆರಳಿಗೆ ಸುತ್ತಿಕೊಳ್ಳುತ್ತದೆ. ಒಳಗೆ ತೇಲುವ ದಾರವೂ ಇರಬಾರದು.

ಮಗುವಿನ ಎರಡು ನಿದ್ದೆಗೆ ಒಂದು ಕಾಲುಚೀಲ ಮುಗಿಯುತ್ತಿತ್ತು.

ಕುಲಾವಿಯ ವಿಷಯದಲ್ಲಿ ಮಗಳ ಜೊತೆ ಸ್ವಲ್ಪ ಮಾತು ಬೆಳೆಯಿತು. ಹಸುಗೂಸಿನ ತಲೆ ಕಿವಿ ಮುಚ್ಚದೆ ಮಲಗಿಸುವುದೆಂದರೆ ನನಗೆ ಎದೆ ಡವಗುಟ್ಟುತ್ತದೆ. ಅವಳು ಮೊಬೈಲ್ ತೆಗೆದು, ಅಲ್ಲಿಯ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2022ರಲ್ಲಿ ಹೇಳಿದ್ದನ್ನು ಓದಿಸಿದಳು. ಮನೆಯೊಳಗೆ ಮಲಗಿದ ಮಗುವಿಗೆ ಟೋಪಿ ಬೇಡ, ಮೈ ಕಾವೇರುತ್ತದೆ ಅಂತ. ಹೀಟರ್ ಹಾಕಿದ ಮನೆ, ನಾನೇ ನೈಟಿಯಲ್ಲಿ ಬೆವರುತ್ತಿದ್ದೆ. ಒಪ್ಪಿಕೊಂಡೆ. ಕುಲಾವಿ ಹೊರಗೆ ಹೋಗುವಾಗ ಮಾತ್ರ. ಕಾರ್ ಸೀಟಿನಲ್ಲಿ ಬೆಲ್ಟಿನ ಕೆಳಗೆ ದಪ್ಪ ಬಟ್ಟೆ ಇರಬಾರದು ಅನ್ನುವುದೂ ಗೊತ್ತಾಯಿತು, ಬೆಲ್ಟ್ ಬಿಗಿಯಾಗಿ ಕೂರುವುದಿಲ್ಲ. ಅಲ್ಲಿ ನನ್ನ ತೆಳು ಅಂಗಿ ಗೆದ್ದಿತು. ದುಡ್ಡು ಕೊಟ್ಟು ತಂದ ದಪ್ಪ ಜಾಕೆಟ್ಟುಗಳು ಗೂಟದಲ್ಲಿ ನೇತಾಡುತ್ತಿದ್ದವು.

ಮಧ್ಯೆ ಒಂದು ಹುಚ್ಚು ಕೆಲಸವನ್ನೂ ಮಾಡಿದೆ. ಈರುಳ್ಳಿ ಸಿಪ್ಪೆ ಒಂದು ತಿಂಗಳು ಕೂಡಿಟ್ಟು, ಕುದಿಸಿ, ಪಟಿಕ ಹಾಕಿ ಬಿಳಿ ಉಲ್ಲನ್‌ಗೆ ಬಣ್ಣ ಕಟ್ಟಲು ನೋಡಿದೆ. ನಾನು ಒಯ್ದದ್ದು ಅಕ್ರಿಲಿಕ್ ಅನ್ನುವ ಕೃತಕ ನೂಲು, ಅದಕ್ಕೆ ಏನೂ ಹತ್ತಲಿಲ್ಲ. 2019ರ ಉಣ್ಣೆಯ ಚೂರು ಮಾತ್ರ ಹದವಾಗಿ ಕರಿದ ಚಿರೋಟಿ ಬಣ್ಣಕ್ಕೆ ತಿರುಗಿತು. ಮನೆಯೆಲ್ಲ ವಾಸನೆ, ಮಗಳಿಗೆ ಸಿಟ್ಟು. ಆ ಚೂರಿನಲ್ಲಿ ಅಳಿಯನ ಚಹಾ ಕಪ್ಪಿಗೆ ಒಂದು ಅಂಗಿ ಆಯಿತು.

ಖರ್ಚು ಈ ಸಲ ಬಾಯಿಪಾಠ. ಡೊಂಬಿವಲಿ ಸ್ಟೇಷನ್ ಹತ್ತಿರದ ಅಂಗಡಿಯಲ್ಲಿ 25 ಗ್ರಾಂಗೆ ಸುಮಾರು ನಲವತ್ತು ರೂಪಾಯಿ, ಹನ್ನೆರಡಕ್ಕೆ ಐನೂರರ ಒಳಗೆ. ಬಿದಿರು ಕಡ್ಡಿ ಇನ್ನೂರೈವತ್ತು. ಅಲ್ಲಿ ಸೇರಿಸಿದ ಉಲ್ಲನ್ ಆರು ಡಾಲರ್. ಮೆಷಿನ್‌ನಲ್ಲಿ ಹತ್ತಾರು ಸಲ ಒಗೆದರೂ ಆಕಾರ ಹಾಗೇ ಇದೆ. ಪಕ್ಕದ ಮನೆಯ ಗುಜರಾತಿ ಬೆನ್ ಒಂದು ಜೊತೆಗೆ ಇಪ್ಪತ್ತು ಡಾಲರ್ ಕೊಡುತ್ತೇನೆ ಅಂದರು. ವಿಸಿಟರ್ ವೀಸಾದಲ್ಲಿ ಹೋದವಳು ದುಡ್ಡು ಮುಟ್ಟಬಾರದು. ಹಾಗೇ ಕೊಟ್ಟೆ, ಅವರು ಒಂದು ಡಬ್ಬಿ ತೇಪ್ಲಾ ಕಳಿಸಿದರು.

ಹನ್ನೆರಡನೆಯ ಚೀಲ? ಗಂಟು ಸರಿಯಾಗಿ ಬಿಗಿದಿರಲಿಲ್ಲ, ದಾರ ಜಾರಿ ಟಾಕೆಗಳೆಲ್ಲ ಬಿಚ್ಚಿಕೊಂಡಿದ್ದವು. ನಮ್ಮವರ ಮಾತು ಹನ್ನೆರಡರಲ್ಲಿ ಒಂದು ಪಾಲು ನಿಜವಾಯಿತು.

ಮೊನ್ನೆ ನಾದಿನಿ ಫೋನ್ ಮಾಡಿದ್ದಳು. ಅವಳ ಮಗ ಸೊಸೆ ಮೆಲ್ಬರ್ನ್‌ನಲ್ಲಿದ್ದಾರೆ, ಜುಲೈಗೆ ಹೆರಿಗೆ. "ಬ್ಯಾಸಿಗಿ ಇರತದ, ಆದ್ರೂ ಎರಡು ಜೊತಿ ಹೆಣದು ಕೊಡ್ರಿ ವೈನಿ" ಅಂದಳು. ಅಲ್ಲಿ ಜುಲೈ ಅಂದರೆ ನಡುಚಳಿಗಾಲ ಅಂತ ನಾನೇ ಹೇಳಬೇಕಾಯಿತು. ಈಗ ಎಂಟು ಜೊತೆ ಕೇಳಿದ್ದಾಳೆ. ಉಲ್ಲನ್ ದುಡ್ಡು ಮುಂಗಡ ತೆಗೆದುಕೊಂಡಿದ್ದೇನೆ.